ಹಲಗೆಯ ಇನ್ನೊಂದು ತುದಿ

ಜನವರಿ 9

ದೊಡ್ಡಪ್ಪನಿಗೆ,

ಬಂದು ಆರು ದಿನವಾಯಿತು. ಬರೆಯಲು ಪುರುಸೊತ್ತಾಗಲಿಲ್ಲ ಎಂದರೆ ನೀವು ನಂಬುವುದಿಲ್ಲ. "ಜಗಳಕ್ಕೆ ಪುರುಸೊತ್ತಿರುತ್ತೆ ನಿಂಗೆ, ಕಾಗದಕ್ಕಿಲ್ಲ" ಅನ್ನುತ್ತೀರಿ. ಜಗಳವನ್ನೂ ಮಾಡಿಲ್ಲ. ಇನ್ನೂ.

ಮಸೀದಿ ಎಂಟು ನೂರು ವರ್ಷದ್ದು. ಹೊರಗಿನಿಂದ ಬರೀ ಇಟ್ಟಿಗೆ ಗುಡ್ಡೆ. ಅಂಗಳ ದಾಟಿ ಒಳಗೆ ಹೋದರೆ ಮಾತು ತಾನಾಗಿ ಸಣ್ಣದಾಗುತ್ತದೆ. ಚೌಕದ ಹಜಾರ. ನಾಲ್ಕು ಮೂಲೆಗೂ ಅಡ್ಡ ಕಮಾನು ಕಟ್ಟಿ ಚೌಕವನ್ನು ಎಂಟು ಮೂಲೆ ಮಾಡಿದ್ದಾರೆ. ಅದರ ಮೇಲೆ ಹದಿನಾರು ಚಿಕ್ಕ ಕಮಾನು. ಅದರ ಮೇಲೆ ಗುಮ್ಮಟ. ಅಷ್ಟು ಭಾರ ಎಲ್ಲಿ ಕೂತಿದೆ ಎಂದು ಕಣ್ಣಿಗೆ ಗೊತ್ತೇ ಆಗುವುದಿಲ್ಲ.

ಗುಮ್ಮಟದ ಬುಡದಲ್ಲಿ ಸುತ್ತಲೂ ಅಕ್ಷರದ ಪಟ್ಟಿ, ಗಾರೆಯಲ್ಲಿ ಕೊರೆದದ್ದು. ಒಂದೊಂದು ಅಕ್ಷರ ನನ್ನ ಮೊಣಕೈಯಷ್ಟು ಉದ್ದ. ನೆಟ್ಟಗೆ ನಿಂತ ಗೀಟುಗಳು ಮೇಲಕ್ಕೆ ಹೋಗಿ ಜಡೆ ಹೆಣೆದುಕೊಳ್ಳುತ್ತವೆ. ಅವುಗಳ ಹಿಂದೆ ಬಳ್ಳಿ, ಎಲೆ, ಮೊಗ್ಗು. ಆ ಪಟ್ಟಿಯ ಪಡಿಯಚ್ಚು ತೆಗೆಯುವುದು ನನ್ನ ಕೆಲಸ. ಒದ್ದೆ ಕಾಗದ ಹಚ್ಚಿ, ಬ್ರಷ್ಷಿನಿಂದ ತಟ್ಟಿ, ಒಣಗಿದ ಮೇಲೆ ಬಿಡಿಸುವುದು.

ನಮ್ಮ ಪುರಾತತ್ವ ಕಚೇರಿಯ ಸಾಹೇಬರಿಗೆ ಆ ಲಿಪಿ ಬರುತ್ತದೆ. ಪೂರ್ತಿ ಓದಿ ಹೇಳಿದರು. ಮೊದಲು ದೇವರ ಮಾತು, ಆಮೇಲೆ ಕಟ್ಟಿಸಿದ ರಾಜನ ಬಿರುದುಗಳು. ಮಿಹ್ರಾಬ್ ಎಂದರೆ ಪ್ರಾರ್ಥನೆಯ ದಿಕ್ಕು ತೋರಿಸುವ ಗೂಡು. ಅದರ ಸುತ್ತಲೂ ಅವನೇ. ಬಾಗಿಲ ಮೇಲೂ ಅವನೇ. ನಾನು ಎಣಿಸಿದೆ: ರಾಜ ಒಂಬತ್ತು ಕಡೆ ಇದ್ದಾನೆ. ಇಟ್ಟಿಗೆ ಸುಟ್ಟವನು, ಗಾರೆ ಕಲಸಿದವನು, ಆ ಜಡೆ ಕೊರೆದವನು ಒಂದು ಕಡೆಯೂ ಇಲ್ಲ. "ಕಟ್ಟಿದನು" ಅಂತ ಬರೆದಿದ್ದಾನಂತೆ ರಾಜ. ಒಂದು ಇಟ್ಟಿಗೆಯನ್ನಾದರೂ ಎತ್ತಿದ್ದನೇ?

ನಗಬೇಡಿ. ಬಸ್ ನಿಲ್ದಾಣದಲ್ಲಿ ಹಂಚುವ ಕರಪತ್ರ ಓದಿ ಕೆಟ್ಟವಳು ನಾನು ಎಂದು ನನಗೂ ಗೊತ್ತು. ಆದರೆ ಹುಡುಕುತ್ತೇನೆ. ಒಬ್ಬನಾದರೂ ಎಲ್ಲೋ ಒಂದು ಗುರುತು ಬಿಟ್ಟಿರಲೇಬೇಕು.

ಬೀಗದ ಕೈ ಇಟ್ಟುಕೊಂಡಿರುವ ಒಬ್ಬ ಅಜ್ಜ ಇದ್ದಾರೆ. ಬೀಗದಜ್ಜ ಅನ್ನುತ್ತೇವೆ. ಪಡುವಣ ಬದಿಯ ಕೊನೆಯ ಕಮಾನಿನ ಹತ್ತಿರ ಪಟ್ಟಿ ಒಂದು ಗೇಣು ಮೊದಲೇ ನಿಂತುಹೋಗಿದೆ, ಬರೀ ಸುಣ್ಣ ಬಳಿದಿದೆ. ಯಾಕೆ ಎಂದು ಕೇಳಿದೆ. "ಅಲ್ಲಿ ಗಾರೆ ಒಣಗಿಲ್ಲ" ಅಂದರು. ಎಂಟು ನೂರು ವರ್ಷದಿಂದಲಾ ಅಂದೆ. "ಒಣಗಿಲ್ಲ ಮಗಾ" ಅಂತ ಹೇಳಿ ಬೀಗ ಹಾಕಲು ಹೋದರು.

ಅರ್ಧ ದೇಶದ ಗುಮ್ಮಟಗಳ ಕೆಳಗೆ ಗಾರೆ ಕಲಸಿದವರು ನೀವು. ಇದನ್ನು ನೋಡಿದ್ದೀರಾ?

ಕಿಡಿ


ಜನವರಿ 20

ಕಿಡಿಗೆ,

ಕಾಗದ ಬಂತು. ಮೊಣಕಾಲು ನೋವು ಇದ್ದ ಹಾಗೇ ಇದೆ, ಅದರ ಸುದ್ದಿ ಕೇಳಬೇಡ.

ಆ ಮಸೀದಿ ನೋಡಿದ ನೆನಪು. ಎಲ್ಲ ಗುಮ್ಮಟವೂ ಕೆಳಗಿನಿಂದ ಒಂದೇ ಥರ ಕಾಣುತ್ತೆ.

ಕಾಗದವನ್ನು ಜಾಸ್ತಿ ನೆನೆಸಬೇಡ, ಹಳೇ ಗಾರೆ ನೀರು ಕುಡಿದರೆ ಪುಡಿಯಾಗುತ್ತೆ. ಬ್ರಷ್ಷನ್ನು ನೇರ ಹೊಡಿ, ಎಳೆಯಬೇಡ. ಪಟ್ಟಿ ನಿಂತ ಜಾಗದಲ್ಲಿ ನಿನಗೆ ಕೆಲಸವಿಲ್ಲ. ಅಕ್ಷರವೇ ಇಲ್ಲದ ಕಡೆ ಅಚ್ಚು ಯಾಕೆ?

ಸಾರವೆಯ ಮೇಲೆ ನೀನು ನಿಲ್ಲುವ ಹಲಗೆಯ ಇನ್ನೊಂದು ತುದಿಯಲ್ಲಿ ಯಾರು ಕೂರುತ್ತಾರೆ? ಅದನ್ನು ಬರಿ.

ದೊಡ್ಡಪ್ಪ


ಫೆಬ್ರವರಿ 2

ದೊಡ್ಡಪ್ಪನಿಗೆ,

ಯಾರೂ ಕೂರುವುದಿಲ್ಲ. ಕಬ್ಬಿಣದ ಪೈಪಿನ ಸಾರವೆ, ಹಲಗೆಗೆ ಎರಡೂ ಕಡೆ ಬೋಲ್ಟ್ ಹಾಕಿದ್ದಾರೆ. ಕಾಲ ಬದಲಾಗಿದೆ, ನೆಮ್ಮದಿಯಾಗಿ ನಿದ್ದೆ ಮಾಡಿ.

ಈಗ ಸುದ್ದಿ. ಸಿಕ್ಕಿದ.

ನೀವು ಬೇಡ ಅಂದ ಜಾಗದಲ್ಲೇ. ಬೇಡ ಅಂದಿದ್ದರಿಂದಲೇ ಅನ್ನಿ. ಸುಣ್ಣವನ್ನು ಪದರ ಪದರವಾಗಿ ಬಿಡಿಸಿದೆ, ಮೂರು ಪದರ. ಅಡಿಯಲ್ಲಿ ನುಣುಪಾದ ಗಾರೆ. ಅದರಲ್ಲಿ ಒಂದು ಕೈ. ಬಲಗೈ. ಹಸಿಯಿದ್ದಾಗ ಒತ್ತಿದ್ದು. ಅಂಗೈಗಿಂತ ಬೆರಳ ತುದಿಗಳು ಆಳಕ್ಕೆ ಹೋಗಿವೆ. ತುದಿಗಳಿಂದ ನಾಲ್ಕು ಗೀಟು ಕೆಳಕ್ಕೆ ಇಳಿದಿವೆ, ಪಟ್ಟಿಯ ಅಂಚಿನ ಕಡೆಗೆ, ಆ ಉದ್ದನೆಯ ಅಕ್ಷರಗಳ ಕಾಲಿನಂತೆ. ರಾಜನ ಬಿರುದು ಮುಗಿಯುವ ಕಡೆ ಒಬ್ಬ ಗಾರೆಯವನು ತನ್ನ ಕೈಯನ್ನೇ ಅಕ್ಷರ ಮಾಡಿ ಸಹಿ ಹಾಕಿದ್ದಾನೆ.

ಈಗಿನದಿರಬಹುದು ಎಂದು ನನಗೂ ಅನುಮಾನ ಬಂತು. ಕಚೇರಿಯ ದಫ್ತರ ತೆಗೆಸಿ ನೋಡಿದೆ. ಇಪ್ಪತ್ತನಾಲ್ಕು ವರ್ಷದ ಹಿಂದೆ ಒಂದು ದೊಡ್ಡ ರಿಪೇರಿ ಆಗಿದೆ. ಆದರೆ ಕೆಲಸ ಹದಿನೈದನೇ ಕಮಾನಿಗೇ ನಿಂತಿತು, ಹದಿನಾರನೆಯದನ್ನು, ಅಂದರೆ ಈ ಕೈ ಇರುವ ಕಮಾನನ್ನು, ಯಾರೂ ಮುಟ್ಟಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಅಲ್ಲಿಗೆ ಸರಿಹೋಯಿತು.

ಇನ್ನೊಂದು ತಮಾಷೆ. ನನ್ನ ಕೈ ಅದರೊಳಗೆ ಇಟ್ಟು ನೋಡಿದೆ. ಸ್ವಲ್ಪ ಸಡಿಲ, ಅಷ್ಟೆ. ಅವನ ಕಿರುಬೆರಳೂ ನನ್ನದರ ಹಾಗೇ ಹೊರಕ್ಕೆ ಸೊಟ್ಟಗಿದೆ. "ಅಪ್ಪನ ಸೊಟ್ಟ ಬೆರಳು ಇಳಿಸ್ಕೊಂಡು ಬಂದಿದಾಳೆ" ಅಂತ ಅಮ್ಮ ಬೈಯುತ್ತಿದ್ದಳಲ್ಲ. ಎಂಟು ನೂರು ವರ್ಷದ ಹಿಂದೆ ಇಲ್ಲಿ ನಮ್ಮವರೇ ಯಾರೋ ಇದ್ದರು ಎಂದಾಯಿತು.

ಅದರ ಪಡಿಯಚ್ಚನ್ನು ನಿಮಗೆ ಕಳಿಸುತ್ತಿದ್ದೇನೆ. ಗಾರೆಯ ಕೈ ನಿಮ್ಮಷ್ಟು ಇನ್ಯಾರಿಗೆ ಗೊತ್ತು? ನೋಡಿ ಹೇಳಿ.

ಒಂದು ಮಾತು ಬರೆಯಬಾರದು ಅಂದುಕೊಂಡಿದ್ದೆ. ನಿನ್ನೆ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋಗಿದ್ದರು. ಹಲಗೆಯಿಂದ ಏಳುವಾಗ ನೀವು ಕಲಿಸಿದ ಅಭ್ಯಾಸದಂತೆ "ಇಳಿದೆ" ಅಂದೆ, ಯಾರೂ ಇಲ್ಲದಿದ್ದರೂ. ಕಿವಿಯ ಹತ್ತಿರ "ಹೂಂ" ಅಂತ ಬಂತು. ಗುಮ್ಮಟದ ಕೆಳಗೆ ಮಾತು ತಿರುಗಿ ಬರುತ್ತದೆ, ಅದಕ್ಕೆ ಲೆಕ್ಕಾಚಾರವಿದೆ, ನಾನು ಓದಿದ್ದೇನೆ. ಆದರೆ ಹೇಳಿದ ಮಾತೇ ತಾನೇ ತಿರುಗಿ ಬರಬೇಕು?

ಕಿಡಿ


ಫೆಬ್ರವರಿ 15

ಕಿಡಿಗೆ,

ಅಂಚೆಯಲ್ಲಿ ನೀನು ಕಳಿಸಿದ ಅಚ್ಚು ನೆಂದು ಮುದ್ದೆಯಾಗಿದೆ. ಏನೂ ತಿಳಿಯಲಿಲ್ಲ. ಇನ್ನೊಂದು ಕಳಿಸಬೇಡ.

ಆ ಮೂಲೆಯ ಗಾರೆ ಸತ್ತಿದೆ, ಕೈ ಹಾಕಿದರೆ ಉದುರುತ್ತೆ. ಹೇಗಿತ್ತೋ ಹಾಗೆ ಸುಣ್ಣ ಹೊಡೆದು ಬಿಡು. ಗಾರೆಯವರು ಸಹಿ ಹಾಕುವವರಲ್ಲ. ಕೆಲಸ ಮುಗಿಸಿ ಕೈ ತೊಳೆದುಕೊಂಡು ಹೋಗುವವರು. ಕೈ ಎಲ್ಲಾದರೂ ತಗುಲಿರುತ್ತೆ. ಅದಕ್ಕೆಲ್ಲ ಅರ್ಥ ಹಚ್ಚಬಾರದು.

ಅಲ್ಲಿ ಒಬ್ಬಳೇ ಇರಬೇಡ. ಬೋಲ್ಟ್ ಇದ್ದರೂ ಇನ್ನೊಂದು ತುದಿಯಲ್ಲಿ ಯಾರನ್ನಾದರೂ ಕೂರಿಸಿಕೋ.

ದೊಡ್ಡಪ್ಪ


ಮಾರ್ಚ್ 1

ದೊಡ್ಡಪ್ಪನಿಗೆ,

ನಿಮ್ಮ ಕಾಗದ ಓದಿ ಎರಡು ದಿನ ಸಿಟ್ಟು ಇಳಿಯಲಿಲ್ಲ. ಈಗಲೂ ಇಳಿದಿಲ್ಲ, ಆದರೂ ಬರೆಯುತ್ತಿದ್ದೇನೆ.

ಸುಣ್ಣ ಹೊಡೆದು ಬಿಡಬೇಕೇ? ಎಂಟು ನೂರು ವರ್ಷ ಎಲ್ಲರೂ ಮಾಡಿದ್ದು ಅದನ್ನೇ ಅಲ್ಲವೇ? ನಿಮ್ಮಿಂದ ಈ ಮಾತು ಬಂದದ್ದಕ್ಕೆ ಬೇಜಾರಾಯಿತು. ನೀವು ಜೀವನವಿಡೀ ಕಚೇರಿಯವರು ಕೂಗಿದ ಕಡೆ ಓಡಿದವರು. ತಲೆ ತಗ್ಗಿಸಿ ತಗ್ಗಿಸಿ ನಿಮಗೆ ನಿಮ್ಮ ಕಸುಬಿನ ಮೇಲೇ ಗೌರವ ಹೋಗಿದೆ. ಅವನು ಹಾಗಲ್ಲ.

ಇದರ ಜೊತೆ ನನ್ನ ಕರಪತ್ರ ಇಟ್ಟಿದ್ದೇನೆ. ನಾನೂ ನನ್ನ ಜೊತೆಯವರೂ ಸೇರಿ ಸಾವಿರ ಪ್ರತಿ ಹಂಚಿದ್ದೇವೆ. ಎರಡನೇ ಪುಟ ಓದಿ: "ರಾಜ ಒಂಬತ್ತು ಸಲ ತನ್ನ ಹೆಸರು ಬರೆಸಿದ. ಹೆಸರಿಲ್ಲದವನು ಒಂದೇ ಸಲ ಕೈಯೂರಿದ. ಅವನು ಹೆದರಲಿಲ್ಲ, ನಡುಗಲಿಲ್ಲ. ಕಾಲೂರಿ ನಿಂತು, ಎತ್ತರದಲ್ಲಿ, ಇದು ನನ್ನದು ಎಂದ."

ಸಾಹೇಬರಿಗೂ ಹಿಡಿಸಿದೆ. ಕೈಯ ಮೇಲೆ ಗಾಜು ಹಾಕಿಸುತ್ತಾರಂತೆ. ಕೆಳಗೆ ಒಂದು ಹಿತ್ತಾಳೆ ಫಲಕ: "ಹೆಸರಿಲ್ಲದ ಕುಶಲಕರ್ಮಿಯ ಕೈಗುರುತು, ಎಂಟು ಶತಮಾನ ಹಿಂದಿನದು." ಏಪ್ರಿಲ್ ಹತ್ತಕ್ಕೆ ಅದನ್ನು ತೆರೆಯುವ ಸಭೆ. ಮಾತಾಡುವವಳು ನಾನು. ಬನ್ನಿ ಅಂತ ಕರೆಯೋಣ ಅಂದುಕೊಂಡಿದ್ದೆ. ನಿಮಗೆ ಬರುವ ಮನಸ್ಸಿದ್ದರೆ ನೀವೇ ಬರೆಯಿರಿ.

ಕಿಡಿ


ಮಾರ್ಚ್ 12

ದೊಡ್ಡಪ್ಪನಿಗೆ,

ಉತ್ತರವಿಲ್ಲ. ಹಿಂದಿನ ಕಾಗದದಲ್ಲಿ ಜಾಸ್ತಿ ಮಾತಾಡಿದೆ, ಒಪ್ಪಿಕೊಳ್ಳುತ್ತೇನೆ. ಅಪ್ಪ ಕೆಲಸಕ್ಕೆ ಹೋದ ಊರಲ್ಲಿ ಜ್ವರದಿಂದ ತೀರಿಹೋದಾಗ ನಾನು ಮೂರು ತಿಂಗಳ ಕೂಸು. ನನ್ನನ್ನು ಎತ್ತಿ ಬೆಳೆಸಿದ್ದು ನೀವು, ಕರಣೆ ಹಿಡಿಯಲು ಕಲಿಸಿದ್ದೂ ನೀವು. ತಲೆ ತಗ್ಗಿಸಿದ್ದು ಯಾರ ಹೊಟ್ಟೆಗಾಗಿ ಅಂತ ನನಗೆ ಗೊತ್ತಿಲ್ಲವೇ?

ಇಲ್ಲಿ ಒಂದು ವಾರದಿಂದ ಬಡಗಿಗಳು ಮಧ್ಯಾಹ್ನದ ಹೊತ್ತು ಒಳಗೆ ಕೂರುತ್ತಿಲ್ಲ. ಯಾಕೆ ಎಂದರೆ ಸೆಕೆ ಅನ್ನುತ್ತಾರೆ. ಒಳಗಿನಷ್ಟು ತಂಪು ಊರಲ್ಲೇ ಇಲ್ಲ. ಯಾರೂ ಇಲ್ಲದಾಗ ಹದಿನಾರನೇ ಕಮಾನಿನ ಹತ್ತಿರ ಹಲಗೆ ಒಂದು ಸಲ ಕಿರ್ ಅನ್ನುತ್ತದೆ. ಒಂದೇ ಸಲ, ಒಂದು ತುದಿಯಿಂದ ಯಾರೋ ಎದ್ದ ಹಾಗೆ. ಬೋಲ್ಟ್ ಬಿಗಿ ಮಾಡಿಸಿದೆ. ಆದರೂ.

ಬೆಳಗ್ಗೆ ಕೈಯ ಗುರುತಿನ ಒಳಗೆ ಬೆರಳಿಟ್ಟೆ. ತಣ್ಣಗಿತ್ತು, ಒದ್ದೆಯಾಗಿತ್ತು. ಗೋಡೆ ಬೆವರಿದೆ, ಅಷ್ಟೆ. ಬೀಗದಜ್ಜನಿಗೆ ಹೇಳಲಿಲ್ಲ.

ಬರೆಯಿರಿ.

ಕಿಡಿ


ಮಾರ್ಚ್ 19

ಮಗಳೇ,

ನಿನ್ನ ಕರಪತ್ರವನ್ನು ಹದಿನೈದು ದಿನದಿಂದ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ. ಅದರಲ್ಲಿ ಎಲ್ಲ ಚೆನ್ನಾಗಿದೆ. ಒಂದು ಸಾಲು ಮಾತ್ರ ಸುಳ್ಳು. ಅವನು ಕಾಲೂರಿ ನಿಂತಿರಲಿಲ್ಲ.

ಅಚ್ಚು ನೆಂದಿರಲಿಲ್ಲ. ಚೆನ್ನಾಗೇ ಬಂದಿತ್ತು. ಸುರುಳಿ ಬಿಚ್ಚಿದೆ, ಕಾಗದದಿಂದ ಕೈ ಎದ್ದು ಬಂತು. ಕಿರುಬೆರಳು ನೋಡಿದೆ. ಟವೆಲ್ಲಿನಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟೆ. ಇಟ್ಟ ಮೇಲೂ ಅದು ಮೇಲೇ ಇದೆ ಅಂತ ಗೊತ್ತಾಗುತ್ತಿತ್ತು. ಊಟಕ್ಕೆ ಕೂತರೆ ಬೆನ್ನಿನ ಹಿಂದೆ ಇತ್ತು.

ನಿಮ್ಮಪ್ಪನ ಕೈ ಅದು.

ಆ ರಿಪೇರಿಯಲ್ಲಿ ನಾವಿಬ್ಬರೂ ಇದ್ದೆವು. ಪಟ್ಟಿಯ ಕೊನೆಯ ತುಂಡು ಎಂದೋ ಬಿದ್ದುಹೋಗಿತ್ತು. ಹಳೇ ಫೋಟೊ ನೋಡಿ ಅಕ್ಷರ ಕೊರೆಯಬೇಕಿತ್ತು. ಹೊಸ ಗಾರೆ ಹಾಕಿ, ಅದು ಹದಕ್ಕೆ ಬರಲಿ ಎಂದು ಕಾಯುತ್ತಿದ್ದೆವು. ಆಗಿನದು ಮರದ ಸಾರವೆ. ಹಲಗೆ ಬಿಗಿಯಲು ಹಗ್ಗ ಬೇಕು ಎಂದು ಒಂದು ವಾರದಿಂದ ಕೇಳುತ್ತಿದ್ದೆವು, ಬಂದಿರಲಿಲ್ಲ. ಹಗ್ಗ ಇಲ್ಲದಾಗ ನಮ್ಮವರು ಮಾಡುವುದು ನಿನಗೆ ಗೊತ್ತು. ಹಗುರ ಇದ್ದವನು ಹೊರಗೆ ಚಾಚಿದ ತುದಿಯಲ್ಲಿ ಕೆಲಸ ಮಾಡುತ್ತಾನೆ, ಭಾರ ಇದ್ದವನು ಒಳಗಿನ ತುದಿಯಲ್ಲಿ ಕೂರುತ್ತಾನೆ. ಕೂತವನು ಏಳಬೇಕಾದರೆ "ಇಳಿದೆ" ಅನ್ನಬೇಕು. ಹೊರಗಿನವನು ಕಂಬ ಹಿಡಿದುಕೊಂಡು "ಹೂಂ" ಅನ್ನಬೇಕು. ಆಮೇಲೇ ಏಳಬೇಕು.

ತಮ್ಮ ಹೊರಗಿದ್ದ. ನಾನು ಒಳಗೆ. ಕೆಳಗಿನಿಂದ ಅಂದಿನ ಸಾಹೇಬರು "ಏ ಮೇಸ್ತ್ರಿ, ಆ ಫೋಟೊ ತಗೊಂಡು ಬಾ" ಅಂತ ಕೂಗಿದರು. ನಾನು "ಇಳಿದೆ" ಅಂದೆ. ಗುಮ್ಮಟದಲ್ಲಿ ಮಾತು ಒಂದು ಸುತ್ತು ಹಾಕಿ ಬರುತ್ತೆ. ಅದು ಅವನನ್ನು ಮುಟ್ಟುವ ಮುಂಚೆ ನಾನು ಎದ್ದಿದ್ದೆ. ಹೂಂ ಕೇಳಿಸಿತು ಅಂತ ಇಪ್ಪತ್ತನಾಲ್ಕು ವರ್ಷ ನನಗೆ ನಾನೇ ಹೇಳಿಕೊಂಡೆ. ಕೇಳಿಸಲಿಲ್ಲ ಮಗಳೇ. ಕೂಗಿದ ಕಡೆ ಓಡಿದವರು ಅಂತ ಬರೆದೆಯಲ್ಲ, ಅದು ಸರಿಯಾಗೇ ತಾಗಿತು.

ಅವನು ಕಂಬಕ್ಕೆ ಕೈ ಚಾಚಲು ಹೊತ್ತಾಗಲಿಲ್ಲ. ಕೈ ಹಸಿ ಗಾರೆಗೆ ಹೋಯಿತು. ನೀನು ಅಕ್ಷರದ ಕಾಲು ಅಂದೆಯಲ್ಲ, ಆ ನಾಲ್ಕು ಗೀಟು, ಅದು ಜಾರಿದ್ದು.

ಸಂಜೆ ಒಂದು ಕಾಗದ ತಂದರು. ಕೆಲಸ ಹಿಂದಿನ ವಾರವೇ ಹದಿನೈದನೇ ಕಮಾನಿಗೆ ನಿಂತಿದೆ, ಮೇಲೆ ಯಾರೂ ಇರಲಿಲ್ಲ ಅಂತ. ಸಹಿ ಹಾಕಿದರೆ ಕೆಲಸದಲ್ಲಿ ಇಟ್ಟುಕೊಳ್ಳುತ್ತೇವೆ ಅಂದರು. ಹಾಕಿದೆ. ದಫ್ತರದ ಹಿಂದೆ ಕಾಗದಗಳ ಒಂದು ಬೇರೆ ಕಟ್ಟು ಇರುತ್ತೆ, ಕೇಳಿ ತೆಗೆಸು. ಎರಡನೇ ಪುಟದಲ್ಲಿ ನನ್ನ ಹೆಸರಿದೆ. ನಿಮ್ಮಮ್ಮನಿಗೆ ಅಂಟುಜ್ವರ, ಅಲ್ಲೇ ಮಣ್ಣು ಮಾಡಬೇಕಾಯಿತು ಅಂತ ಹೇಳಿದೆ. ಅವಳು ಅದನ್ನೇ ನಂಬಿ ಹೋದಳು.

ಮರುದಿನ ಆ ಗಾರೆ ಸಮ ಮಾಡಿ ಅಕ್ಷರ ಕೊರಿ ಅಂದರು. ಹತ್ತಿದೆ. ಕರಣೆ ಎತ್ತಿದೆ. ಆ ಕೈಯ ಮೇಲೆ ಕರಣೆ ಆಡಿಸಲು ನನ್ನಿಂದಾಗಲಿಲ್ಲ. ಸುಣ್ಣ ಬಳಿದು ಬಂದೆ.

ನೀನು ಚಿಕ್ಕವಳಿದ್ದಾಗ ಹಿತ್ತಿಲಲ್ಲಿ ಹಲಗೆ ಹಾಕಿ ಕೆಲಸ ಕಲಿಸುವಾಗ ನೀನು ಹೂಂ ಅನ್ನದೆ ನಾನು ಏಳುತ್ತಿರಲಿಲ್ಲ. "ದೊಡ್ಡಪ್ಪಾ, ಒಂದಡಿ ಎತ್ತರಕ್ಕೂ ಹೂಂ ಬೇಕಾ" ಅಂತ ನಗುತ್ತಿದ್ದೆ.

ಈಗ ನೀನು ಎಂಟು ನೂರು ವರ್ಷ ಅಂದರೆ ಕೈ ಉಳಿಯುತ್ತೆ, ಗಾಜಿನೊಳಗೆ. ಬೇರೆ ಏನಾದರೂ ಅಂದರೆ ಸಮ ಮಾಡಿಬಿಡುತ್ತಾರೆ. ಏನು ಮಾಡು ಅಂತ ಹೇಳುವ ಬಾಯಿ ನನಗಿಲ್ಲ.

ದೊಡ್ಡಪ್ಪ


ಮಾರ್ಚ್ 30

ಮಗಳೇ,

ನಿನ್ನ ಕಾಗದ ಬರಲಿಲ್ಲ. ಬರಬೇಕು ಅಂತಲೂ ಇಲ್ಲ.

ಮೇಲೆ ಹತ್ತುತ್ತಿದ್ದೀಯಾ, ಇಲ್ಲವಾ, ಅಷ್ಟು ತಿಳಿಸಿದರೆ ಸಾಕು. ಸಿಟ್ಟಿನಲ್ಲಿ ಹತ್ತಬೇಡ. ಸಿಟ್ಟಿನಲ್ಲಿ ಕಾಲು ಎಲ್ಲಿಡುತ್ತೇವೆ ಅಂತ ಗೊತ್ತಾಗುವುದಿಲ್ಲ.

ಅಚ್ಚನ್ನು ಅಟ್ಟದಿಂದ ಇಳಿಸಿದ್ದೇನೆ. ಮೇಜಿನ ಮೇಲಿದೆ.

ದೊಡ್ಡಪ್ಪ


ಏಪ್ರಿಲ್ 6

ದೊಡ್ಡಪ್ಪನಿಗೆ,

ನಾಲ್ಕು ದಿನ ಹತ್ತಲಿಲ್ಲ. ಆಮೇಲೆ ಹತ್ತಿದೆ.

ಮೊದಲು ಬೀಗದಜ್ಜನ ಹತ್ತಿರ ಹೋಗಿ ನಾನು ಯಾರ ಮಗಳು ಎಂದು ಹೇಳಿದೆ. "ಗಾರೆ ಒಣಗಿಲ್ಲ ಅಂತ ಯಾಕೆ ಹೇಳ್ತೀರಿ?" ಅಂದೆ. ಬೀಗದ ಕೈ ಗೊಂಚಲನ್ನು ಮಡಿಲಲ್ಲಿಟ್ಟುಕೊಂಡು ಹೇಳಿದರು: "ಅವತ್ತಿನ ಮಾರನೇ ದಿನ ನಿಮ್ಮ ದೊಡ್ಡಪ್ಪ ಕರಣೆ ಹಿಡ್ಕೊಂಡು ಸಾಯಂಕಾಲದ ತನಕ ಮೇಲೇ ಕೂತಿದ್ದ. ಕೆಳಗಿಂದ ಕೇಳಿದ್ರೆ, ಗಾರೆ ಒಣಗಿಲ್ಲ, ಒಣಗಲಿ, ಬಂದು ಮುಗಿಸ್ತೀನಿ ಅಂದ. ಹೋದವನು ಬರಲಿಲ್ಲ. ಯಾರು ಕೇಳಿದ್ರೂ ನಾನೂ ಅದನ್ನೇ ಹೇಳ್ತಾ ಬಂದೆ. ಇನ್ನೇನು ಹೇಳಲಿ?" ಆಮೇಲೆ ಎದ್ದು ಪಡುವಣ ಗೋಡೆಯ ಆಚೆ ಕರೆದುಕೊಂಡು ಹೋದರು. ಅಪ್ಪನನ್ನು ಮಣ್ಣು ಮಾಡಿದ್ದು ಅಲ್ಲಿ. ತಲೆಯ ಕಡೆ ಒಂದು ಇಟ್ಟಿಗೆ ಇದೆ, ಅಷ್ಟೆ. ಅದರ ಸುತ್ತ ಹುಲ್ಲು ಕಿತ್ತು ಚೊಕ್ಕಟ ಇಟ್ಟಿದ್ದಾರೆ. ಇಪ್ಪತ್ತನಾಲ್ಕು ವರ್ಷದಿಂದ.

ಹಿಂದಿನ ಕಟ್ಟು ತೆಗೆಸಿದೆ. ಎರಡನೇ ಪುಟ ನೋಡಿದೆ. ನಿಮ್ಮ ಸಹಿ ನಡುಗಿಲ್ಲ. ನಡುಗಿದ್ದರೆ ಚೆನ್ನಾಗಿತ್ತು ಅನ್ನಿಸಿತು. ರಾಜ ಗೋಡೆಯ ಮೇಲೆ ಬರೆಸಿದ್ದನ್ನು ನಂಬದ ನಾನು ಕಚೇರಿಯ ಒಂದು ಸಾಲನ್ನು ಕಣ್ಣು ಮುಚ್ಚಿ ನಂಬಿದೆ. ಆ ಸಾಲು ನಿಮ್ಮದಾಗಿತ್ತು.

ಸಾಹೇಬರಿಗೆ ಹೇಳಿದೆ. ಕನ್ನಡಕ ತೆಗೆದು ಒರೆಸಿದರು. ಕೆಟ್ಟವರಲ್ಲ ಅವರು. "ನೋಡಮ್ಮ, ಎಂಟು ನೂರು ವರ್ಷ ಅಂದ್ರೆ ಅದು ಚರಿತ್ರೆ, ಉಳಿಸ್ತೀವಿ. ಇಪ್ಪತ್ತನಾಲ್ಕು ಅಂದ್ರೆ ಅದು ರಿಪೇರಿಯಲ್ಲಿ ಆದ ತಪ್ಪು, ಮುಚ್ಚಬೇಕಾಗುತ್ತೆ. ಫಲಕ ಆಗಲೇ ಬಂದಿದೆ. ನಿಮ್ಮ ತಂದೆ ಕೈ ನಿಮಗೆ ಬೇಕೋ ಬೇಡ್ವೋ ನೀವೇ ಯೋಚನೆ ಮಾಡಿ. ನಾನು ಏನೂ ಕೇಳಿಸ್ಕೊಂಡಿಲ್ಲ" ಅಂದರು.

ಅರ್ಧ ದಿನ ನಾನು ಬಾಯಿ ಮುಚ್ಚಿಕೊಂಡೇ ಇದ್ದೆ. ಅದನ್ನೂ ಬರೆದುಬಿಡುತ್ತೇನೆ, ನಿಮ್ಮೊಬ್ಬರನ್ನೇ ಸಹಿ ಹಾಕಿದವರು ಎಂದು ಬೈಯುವ ಹಕ್ಕು ನನಗಿರಬಾರದು. ಗಾಜಿನೊಳಗೆ ಅಪ್ಪ ಬೀಳುವುದಿಲ್ಲ. ಯಾವಾಗಲೂ ಕಾಲೂರಿ ನಿಂತಿರುತ್ತಾನೆ. ಬಂದವರೆಲ್ಲ ತಲೆಯೆತ್ತಿ ನೋಡುತ್ತಾರೆ. ನನಗೆ ಅಪ್ಪನದು ಎಂದು ಇರುವುದು ಅದೊಂದೇ.

ಮಧ್ಯಾಹ್ನ ಹತ್ತಿದೆ. ಕೈಯೊಳಗೆ ಕೈ ಇಟ್ಟೆ. ಆಮೇಲೆ ಆ ನಾಲ್ಕು ಗೀಟಿನ ಮೇಲೆ ಬೆರಳು ಜಾರಿಸಿಕೊಂಡು ಬಂದೆ. ಮೊದಲ ಗೇಣು ಆಳವಾಗಿದೆ, ಹಿಡಿದುಕೊಂಡಿದ್ದಾನೆ. ಆಮೇಲೆ ತೆಳುವಾಗುತ್ತವೆ. ಕಿರುಬೆರಳಿನದು ಮೊದಲು ಬಿಡುತ್ತದೆ. ತೋರುಬೆರಳಿನದು ಕೊನೆಗೆ. ಅಂಚಿನ ಹತ್ತಿರ ಅದು ಕೂದಲೆಳೆಯಷ್ಟಾಗಿ ಗಾರೆಯೇ ಮುಗಿಯುತ್ತದೆ. ಇದನ್ನು ನಾನು ಸಹಿ ಎಂದು ಸಾವಿರ ಪ್ರತಿ ಹಂಚಿದ್ದೆ. ಅವನ ಕೈಯ ಮೇಲೆ ಸುಣ್ಣ ಹೊಡೆದವರಲ್ಲಿ ನಾನೂ ಒಬ್ಬಳು.

ಇಳಿದು ಬಂದು ದಫ್ತರದಲ್ಲಿ ಬರೆದೆ. ಅದರಲ್ಲಿ ಒಂದೊಂದು ಶಾಸನಕ್ಕೆ ಒಂದು ಪುಟ. ಬಾಗಿಲಿನದು, ಮಿಹ್ರಾಬಿನದು, ಗುಮ್ಮಟದ್ದು. ರಾಜನ ಒಂಬತ್ತು ಆದ ಮೇಲೆ ಹತ್ತನೆಯ ಪುಟದಲ್ಲಿ ಅಪ್ಪನ ಪೂರ್ತಿ ಹೆಸರು, ಕಸುಬು, ತಾರೀಕು, ಹಗ್ಗ ಬಂದಿರಲಿಲ್ಲ ಎಂಬುದು, ಬಿದ್ದ ಎಂಬುದು. ಸಾಕ್ಷಿ ಎಂಬಲ್ಲಿ ಜಾಗ ಬಿಟ್ಟಿದ್ದೇನೆ. ಸಾಹೇಬರು ಓದಿ ಕೆಳಗೆ ರುಜು ಹಾಕಿದರು. ಸಭೆ ರದ್ದಾಯಿತು, ಫಲಕ ಹಿಂದಕ್ಕೆ ಹೋಯಿತು. ಕೈ ಮುಚ್ಚಿ ಪಟ್ಟಿ ಪೂರ್ತಿ ಮಾಡಬೇಕು ಎಂದು ಆದೇಶ, ಇಪ್ಪತ್ತನೇ ತಾರೀಕು. ಕರಪತ್ರ ಸಿಕ್ಕಷ್ಟು ವಾಪಸ್ ತಂದೆ. ನನ್ನ ಜೊತೆಯವರು ನಗುತ್ತಿದ್ದಾರೆ, ನಗಲಿ.

ಆ ಗಾರೆ ನಾನೇ ಹಾಕಬಲ್ಲೆ. ನೀವೇ ಕಲಿಸಿದ್ದೀರಿ. ಆದರೆ ಹಾಕುವುದಿಲ್ಲ. ಬಂದು ಮುಗಿಸ್ತೀನಿ ಅಂದವರು ನೀವು.

ಕ್ಷಮಿಸಿದ್ದೇನೆ ಎಂದು ಬರೆಯಲು ಕೂತೆ, ಪೆನ್ನು ನಿಂತಿತು. ಕ್ಷಮಿಸುವುದಿಲ್ಲ ಎಂದು ಬರೆಯಲು ನೋಡಿದೆ, ಅದಕ್ಕೂ ಓಡಲಿಲ್ಲ. ಯಾವ ಕರಪತ್ರದಲ್ಲೂ ಇದಕ್ಕೆ ಉತ್ತರವಿಲ್ಲ. ನಿಮ್ಮ ಕರಣೆ ತನ್ನಿ. ಆ ಅಚ್ಚನ್ನು ಜೋಪಾನವಾಗಿ ತನ್ನಿ, ಇನ್ನು ಅಪ್ಪನ ಕೈ ಅಂತ ಉಳಿಯುವುದು ಅದೊಂದೇ. ಮೊಣಕಾಲಿನ ಚಿಂತೆ ಬೇಡ, ಈಗಿನ ಸಾರವೆಗೆ ಮೆಟ್ಟಿಲಿದೆ.

ಹಲಗೆಗೆ ಎರಡೂ ಕಡೆ ಬೋಲ್ಟ್ ಇದೆ. ಆದರೂ ನೀವು ಕೆಲಸ ಮಾಡುವಷ್ಟು ಹೊತ್ತು ಒಳಗಿನ ತುದಿಯಲ್ಲಿ ನಾನು ಕೂತಿರುತ್ತೇನೆ. ಅಕ್ಷರ ಮುಗಿದ ಮೇಲೆ ನೀವು ಒಳಗೆ ಬಂದು ನಿಮ್ಮ ಜಾಗದಲ್ಲಿ ಕೂರಿ, ನಾನು ಸರಿದುಕೊಳ್ಳುತ್ತೇನೆ. ಕೂತು "ಇಳಿದೆ" ಅನ್ನಿ. ಈ ಸಲ ಏಳಬೇಡಿ. ಕೆಳಗಿನಿಂದ ಯಾರು ಕೂಗಿದರೂ ಏಳಬೇಡಿ. ಹೊರಗಿನ ತುದಿಯಿಂದ ಹೂಂ ಬರುವ ತನಕ ಇಬ್ಬರೂ ಅಲ್ಲೇ ಕೂತಿರೋಣ.

ಕಿಡಿ